ನೆಟ್ಟಿನ ಎತ್ತರ ಒಂದೇ, ಮೈ ಬೆಳೆಯುವ ಹೊತ್ತು ಬೇರೆ

ಧಾರವಾಡದ ಮಾಳಮಡ್ಡಿ ಎಂದರೆ ನೆನಪಾಗುವುದು ಶಾಲೆ, ಮಠ, ಗುಡಿ, ರೈಲಿನ ಸಿಳ್ಳು, ಯಾವುದೋ ಮನೆಯ ಕಿಟಕಿಯಿಂದ ತೇಲಿ ಬರುವ ತಂಬೂರಿ. ಆ ಪಟ್ಟಿಗೆ ಈಗ ಟೆನಿಸ್ ರ‍್ಯಾಕೆಟ್ಟನ್ನೂ ಸೇರಿಸಬೇಕು. ಸಂಜೆ ಬೆನ್ನಿಗೆ ಉದ್ದನೆಯ ಚೀಲ ಏರಿಸಿಕೊಂಡು ಸೈಕಲ್ ತುಳಿಯುವ ಮಕ್ಕಳು ಅಲ್ಲಿ ಕಣ್ಣಿಗೆ ಬೀಳುತ್ತಾರೆ. ಊರಿಗೆ ಟೆನಿಸ್ ಹೊಸದೇನಲ್ಲ. 2023ರ ಅಕ್ಟೋಬರಿನಲ್ಲಿ ಧಾರವಾಡ ಜಿಲ್ಲಾ ಲಾನ್ ಟೆನಿಸ್ ಸಂಸ್ಥೆಯ ಅಂಗಣದಲ್ಲಿ ಪುರುಷರ ಅಂತರರಾಷ್ಟ್ರೀಯ ಟೂರ್ನಿಯೇ ನಡೆದು, ಡೇವಿಸ್ ಕಪ್ ಆಟಗಾರ ರಾಮಕುಮಾರ್ ರಾಮನಾಥನ್ ಇಲ್ಲಿಯೇ ಗೆದ್ದು ಹೋದರು.

ಈ ಓಣಿಯ ಒಂದು ಮನೆಯಲ್ಲಿ ಅಣ್ಣ, ತಂಗಿ ಇಬ್ಬರೂ ಆಡುತ್ತಾರೆ. ಅವನಿಗೆ ಹದಿನಾಲ್ಕು, ಅವಳಿಗೆ ಹದಿಮೂರು. ಮೊನ್ನೆ ಚಹಾದ ಜೊತೆಗೆ ತಾಯಿ ತಮ್ಮ ಚಿಂತೆಯನ್ನೂ ಮುಂದಿಟ್ಟರು. "ಎರಡು ವರ್ಷದ ಹಿಂದ ಇಕೀನ ಅವನ್ನ ಸೋಲಸ್ತಿದ್ಲ್ರೀ. ಈಗೇನಾಗೇದೊ ಏನೊ, ಒಂದು ಗೇಮೂ ಸಿಗವಲ್ದು. ಬ್ಯಾಸರಾ ಮಾಡ್ಕೊಂಡು ಕೂಡತಾಳ. ಆಟಾ ಬಿಡಿಸಿ ಟ್ಯೂಷನ್ನಿಗೆ ಹಾಕೂಣು ಅಂತಾರ ಇವರಪ್ಪಾರು."

ಹುಡುಗಿ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು. ಉತ್ತರ ತಾಯಿಗಿಂತ ಅವಳಿಗೆ ಬೇಕಾಗಿತ್ತು.

ಅವಳ ಆಟದಲ್ಲಿ ಏನೂ ಕೆಟ್ಟಿರಲಿಲ್ಲ. ಅಣ್ಣನ ಮೈ ಬೆಳೆಯತೊಡಗಿತ್ತು, ಅಷ್ಟೇ. ಹುಡುಗಿಯರ ಎತ್ತರ ಅತಿ ವೇಗವಾಗಿ ಏರುವುದು ಸುಮಾರು ಹನ್ನೊಂದು, ಹನ್ನೆರಡರ ವಯಸ್ಸಿನಲ್ಲಿ. ಹುಡುಗರಲ್ಲಿ ಆ ಏರಿಕೆ ಬರುವುದು ಎರಡು ವರ್ಷ ತಡವಾಗಿ. ಆರನೆಯ ಇಯತ್ತೆಯ ಗುಂಪು ಫೋಟೋ ತೆಗೆದು ನೋಡಿ, ಹಿಂದಿನ ಸಾಲಿನಲ್ಲಿ ನಿಂತ ಉದ್ದನೆಯವರಲ್ಲಿ ಹುಡುಗಿಯರೇ ಎಷ್ಟೋ ಮಂದಿ! ಹನ್ನೊಂದರ ತಂಗಿ ಹನ್ನೆರಡರ ಅಣ್ಣನನ್ನು ಸೋಲಿಸಿದ್ದರಲ್ಲಿ ಪವಾಡವೇನೂ ಇರಲಿಲ್ಲ. ಈಗ ಅಣ್ಣ ಮುಂದೆ ಹೋದದ್ದೂ ಹಾಗೆಯೇ.

ಹನ್ನೆರಡರವರೆಗೆ ಓಟದಲ್ಲಿಯೂ ಈಜಿನಲ್ಲಿಯೂ ಗಂಡು, ಹೆಣ್ಣುಮಕ್ಕಳ ನಡುವೆ ಹೇಳಿಕೊಳ್ಳುವಂಥ ಅಂತರ ಇರುವುದಿಲ್ಲ. ಆಮೇಲೆ ಹುಡುಗರ ರಕ್ತದಲ್ಲಿ ಟೆಸ್ಟೋಸ್ಟಿರೋನ್ ಎಂಬ ಹಾರ್ಮೋನು ಏರುತ್ತದೆ. ವಯಸ್ಕ ಗಂಡಸಿನಲ್ಲಿ ಅದರ ಪ್ರಮಾಣ ಹೆಂಗಸಿಗಿಂತ ಹತ್ತು, ಹದಿನೈದು ಪಟ್ಟು ಹೆಚ್ಚು. ಇದರಿಂದ ಮೂಳೆ ಉದ್ದವಾಗುತ್ತದೆ, ಭುಜ ಅಗಲವಾಗುತ್ತದೆ, ಸ್ನಾಯು ದಪ್ಪಗಟ್ಟುತ್ತದೆ, ರಕ್ತದಲ್ಲಿ ಹಿಮೋಗ್ಲೋಬಿನ್ ಹೆಚ್ಚುತ್ತದೆ. ಹುಡುಗಿಯ ಮೈಯಲ್ಲಿ ಬೇರೆ ಹಾರ್ಮೋನುಗಳ ಕೆಲಸ ನಡೆದು ಸೊಂಟ ಅಗಲವಾಗುತ್ತದೆ, ಕೊಬ್ಬಿನ ಪಾಲು ಹೆಚ್ಚುತ್ತದೆ. ಮೇಲ್ಮಟ್ಟದ ಓಟದಲ್ಲಿ ಈ ಎಲ್ಲದರ ಒಟ್ಟು ಅಂತರ ಸುಮಾರು ಶೇಕಡಾ 10ರಿಂದ 12. ಜಿಗಿತದಲ್ಲಿ ಇನ್ನೂ ಹೆಚ್ಚು. ಸೊಂಟದ ಮೇಲಿನ ಬಲದಲ್ಲಿಯಂತೂ ಎಲ್ಲಕ್ಕಿಂತ ಹೆಚ್ಚು. ಕಾಲಿನ ಬಲದಲ್ಲಿ ಹೆಂಗಸರು ಗಂಡಸರಿಗೆ ಹತ್ತಿರವಿದ್ದರೆ, ತೋಳು ಮತ್ತು ಭುಜದ ಬಲದಲ್ಲಿ ದೂರ ಉಳಿಯುತ್ತಾರೆ.

ಇದನ್ನು ನೋಡಲು ಟೆನಿಸ್ಸಿನಷ್ಟು ಒಳ್ಳೆಯ ಆಟ ಇನ್ನೊಂದಿಲ್ಲ. ವಾಲಿಬಾಲಿನಲ್ಲಿ ಗಂಡಸರ ನೆಟ್ಟು 2.43 ಮೀಟರ್, ಹೆಂಗಸರದು 2.24. ಗುಂಡು ಎಸೆತದಲ್ಲಿ ಗಂಡಸರಿಗೆ 7.26 ಕಿಲೋ, ಹೆಂಗಸರಿಗೆ 4 ಕಿಲೋ. ಬಾಸ್ಕೆಟ್‌ಬಾಲ್, ಕ್ರಿಕೆಟ್ ಚೆಂಡುಗಳೂ ಮಹಿಳೆಯರಿಗೆ ಸ್ವಲ್ಪ ಚಿಕ್ಕವೇ. ಟೆನಿಸ್ಸಿನಲ್ಲಿ ಈ ರಿಯಾಯಿತಿ ಇಲ್ಲ. 78 ಅಡಿ ಉದ್ದದ ಅದೇ ಅಂಗಣ, ನಡುವೆ 3 ಅಡಿ ಎತ್ತರದ ಅದೇ ನೆಟ್ಟು. ಅಮೆರಿಕನ್ ಓಪನ್‌ನಲ್ಲಿ ಮಹಿಳೆಯರಿಗೆ ತುಸು ಬೇರೆ ಬಗೆಯ ಚೆಂಡು ಕೊಡುತ್ತಿದ್ದರು. 2023ರಿಂದ ಅದೂ ಹೋಗಿ ಇಬ್ಬರಿಗೂ ಒಂದೇ ಚೆಂಡಾಯಿತು.

ಸರ್ವ್ ಎಂಬ ಲೆಕ್ಕ

ಎತ್ತರದಿಂದ ಏನಾಗುತ್ತದೆ ಎಂಬುದನ್ನು ಹೈಸ್ಕೂಲಿನ ಮಕ್ಕಳು ತಾವೇ ಲೆಕ್ಕ ಹಾಕಿ ನೋಡಬಹುದು. ಸರ್ವ್ ಮಾಡುವವರು ನಿಲ್ಲುವ ಗೆರೆಯಿಂದ ನೆಟ್ಟಿಗೆ 39 ಅಡಿ. ನೆಟ್ಟಿನಾಚೆ 21 ಅಡಿಯೊಳಗೆ ಚೆಂಡು ಬೀಳಬೇಕು. ಒಟ್ಟು 60 ಅಡಿ. ಚೆಂಡು ಹಗ್ಗ ಎಳೆದಂತೆ ನೇರ ಗೆರೆಯಲ್ಲಿ ಹೋಗುತ್ತದೆ, ನಡುಮಧ್ಯದಲ್ಲಿ 3 ಅಡಿಯ ನೆಟ್ಟನ್ನು ಸವರಿಕೊಂಡು ದಾಟುತ್ತದೆ ಎಂದಿಟ್ಟುಕೊಳ್ಳಿ. ಎರಡು ಸಮರೂಪ ತ್ರಿಭುಜಗಳಾದವು. 21ಕ್ಕೆ 3 ಆದರೆ 60ಕ್ಕೆ ಎಷ್ಟು? 8.57 ಅಡಿ, ಅಂದರೆ ಸುಮಾರು ಎಂಟು ಅಡಿ ಏಳು ಇಂಚು. ಅಷ್ಟು ಎತ್ತರದಲ್ಲಿ ಚೆಂಡನ್ನು ಹೊಡೆದವರಿಗೆ ಮಾತ್ರ ಆ ನೇರ ದಾರಿ ತೆರೆದಿರುತ್ತದೆ.

ಕೈ ಚಾಚಿ ರ‍್ಯಾಕೆಟ್ಟಿನಿಂದ ಚೆಂಡು ಮುಟ್ಟುವ ಎತ್ತರ ಅಂದಾಜು ಆಟಗಾರರ ಎತ್ತರದ ಒಂದೂವರೆ ಪಟ್ಟು. ಐದಡಿಯ ನಮ್ಮ ಹುಡುಗಿಗೆ ಅದು ಏಳೂವರೆ ಅಡಿ. ಐದಡಿ ಆರಿಂಚಿನ ಅಣ್ಣನಿಗೆ ಎಂಟೂಕಾಲು. ಆರಡಿ ಹತ್ತಿಂಚಿನ ಅಮೆರಿಕದ ಜಾನ್ ಇಸ್ನರ್‌ಗೆ ಹತ್ತಡಿಗಿಂತ ಮೇಲೆ! ನಿಜವಾದ ಚೆಂಡು ಗುರುತ್ವಾಕರ್ಷಣೆಯಿಂದ ಬಾಗಿ ಇಳಿಯುತ್ತದೆ. ಹಾಗಾಗಿ ಗಿಡ್ಡವರ ಸರ್ವೂ ಒಳಗೆ ಬೀಳುತ್ತದೆ. ಆದರೆ ಅವರು ಒಂದೋ ವೇಗ ಇಳಿಸಬೇಕು, ಇಲ್ಲವೇ ಚೆಂಡಿಗೆ ಮುಂದಕ್ಕೆ ಉರುಳುವ ತಿರುಗು ಕೊಟ್ಟು ಅದನ್ನು ಕೆಳಗಿಳಿಸಬೇಕು. ಎತ್ತರದವರಿಗೆ ಹಾಗೇ ಸಿಗುವುದನ್ನು ಗಿಡ್ಡವರು ಕಲಿತು ಗಳಿಸಬೇಕು. ಆಸ್ಟ್ರೇಲಿಯದ ಆ್ಯಶ್ಲೀ ಬಾರ್ಟಿ ಇದ್ದದ್ದು ಬರೀ 166 ಸೆಂಟಿಮೀಟರ್. 2021ರ ವಿಂಬಲ್ಡನ್, 2022ರ ಆಸ್ಟ್ರೇಲಿಯನ್ ಓಪನ್ ಗೆಲ್ಲುವಾಗ ಆಕೆಯ ದೊಡ್ಡ ಆಯುಧಗಳಲ್ಲಿ ಸರ್ವೂ ಒಂದಾಗಿತ್ತು.

ಬಲದ ಮಾತು ಬಂದರೆ ಅಂತರ ಸ್ಪಷ್ಟ. ಪುರುಷರ ವೃತ್ತಿ ಸಂಘ ಮಾನ್ಯ ಮಾಡಿದ ದಾಖಲೆ ಇಸ್ನರ್ 2016ರ ಡೇವಿಸ್ ಕಪ್ ಪಂದ್ಯದಲ್ಲಿ ಹೊಡೆದ ಗಂಟೆಗೆ 253 ಕಿಲೋಮೀಟರಿನ ಸರ್ವ್. ಮಹಿಳೆಯರಲ್ಲಿ 2018ರಲ್ಲಿ ಬುಡಾಪೆಸ್ಟಿನಲ್ಲಿ ಸ್ಪೇನಿನ ಜಾರ್ಜಿನಾ ಗಾರ್ಸಿಯಾ ಪೆರೆಜ್ 220 ಕಿಲೋಮೀಟರ್ ಮುಟ್ಟಿದರು. ವೇಗದ ಅಂತರ ಶೇಕಡಾ 15. ಆದರೆ ಚೆಂಡಿನ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಎದುರಾಳಿಯ ಕೈಗೆ ಬಂದು ಬಡಿಯುವ ಶಕ್ತಿಯ ಅಂತರ ಶೇಕಡಾ 30ಕ್ಕೂ ಮೇಲೆ.

ಆದರೆ ಫೋರ್‌ಹ್ಯಾಂಡಿಗೆ ಬನ್ನಿ, ಚಿತ್ರವೇ ಬದಲಾಗುತ್ತದೆ. 2024ರ ಅಮೆರಿಕನ್ ಓಪನ್‌ನಲ್ಲಿ ಬೆಲಾರುಸ್‌ನ ಅರೀನಾ ಸಬಲೆಂಕಾ ಅವರ ಫೋರ್‌ಹ್ಯಾಂಡಿನ ಸರಾಸರಿ ವೇಗ ಗಂಟೆಗೆ ಸುಮಾರು 129 ಕಿಲೋಮೀಟರ್ ಇತ್ತು. ಅಲ್ಕರಾಜ್, ಸಿನ್ನರ್, ಜೊಕೊವಿಚ್ ಮೂವರೂ ಅದಕ್ಕಿಂತ ಕೆಳಗಿದ್ದರು. ಗಂಡಸರು ವೇಗದ ಒಂದು ಪಾಲನ್ನು ಬಿಟ್ಟು ಹೆಚ್ಚಿನ ತಿರುಗು ಕೊಡುತ್ತಾರೆ ಎಂಬುದನ್ನು ಮರೆಯಬಾರದು. ಆದರೂ ಒಂದು ಮಾತು ನಿಲ್ಲುತ್ತದೆ. ಫೋರ್‌ಹ್ಯಾಂಡಿನ ಬಲ ನೆಲದಿಂದ, ಕಾಲಿನಿಂದ, ಸೊಂಟದ ತಿರುವಿನಿಂದ ಬರುತ್ತದೆ. ಸರ್ವ್ ಹಾಗಲ್ಲ, ಅದು ಕಲ್ಲು ಬೀಸಿದ ಹಾಗೆ, ತಲೆಯ ಮೇಲಿನ ಭುಜದ ಕೆಲಸ.

ಕಲ್ಲು ಬೀಸುವ ಮಾತು ಸುಮ್ಮನೆ ಹೇಳಲಿಲ್ಲ. ಗಂಡು, ಹೆಣ್ಣಿನ ನಡುವೆ ಬೀಸಿ ಎಸೆಯುವುದರಲ್ಲಿರುವ ಅಂತರ ಹರೆಯಕ್ಕೆ ಮುಂಚೆಯೇ ಕಾಣುತ್ತದೆ. ಅದರಲ್ಲಿ ಒಂದು ಪಾಲಾದರೂ ರೂಢಿಯದು. ಮಾವಿನ ಮರಕ್ಕೆ ಕಲ್ಲು ಬೀಸಿದ ಹುಡುಗ ಬೈಸಿಕೊಂಡು ಮತ್ತೆ ಬೀಸುತ್ತಾನೆ. ಹುಡುಗಿಯನ್ನು ನಾವು ಮರದ ಹತ್ತಿರವೇ ಬಿಡುವುದಿಲ್ಲ. ಹತ್ತು ವರ್ಷ ಹೀಗೆ ಬೆಳೆಸಿ, ಆಮೇಲೆ ಕೋಚು "ಸರ್ವ್ ಮಾಡು" ಎಂದಾಗ ಅವಳ ಭುಜ ಬಿಗಿಯಾಗಿದ್ದರೆ ದೋಷ ಹಾರ್ಮೋನಿನದೇ? ಸಂಜೆ ಅರ್ಧ ತಾಸು ಅಂಗಳದಲ್ಲಿ ಚೆಂಡು ಬೀಸಿ ಎಸೆಯುವ ಆಟವನ್ನು ಹುಡುಗಿಯರಿಗೂ ಕಲಿಸಿ ಎಂದು ನಾನು ಸಿಕ್ಕಸಿಕ್ಕ ತಂದೆತಾಯಿಗೆ ಹೇಳುತ್ತಿರುತ್ತೇನೆ.

ಗಂಡು, ಹೆಣ್ಣು ಎದುರುಬದುರು

ಈ ಚರ್ಚೆ ಬಂದಾಗಲೆಲ್ಲ ಯಾರಾದರೊಬ್ಬರು 1973ರ ಪಂದ್ಯ ತೆಗೆಯುತ್ತಾರೆ. ಆ ವರ್ಷ ಸೆಪ್ಟೆಂಬರ್ 20ರಂದು ಹ್ಯೂಸ್ಟನ್ನಿನಲ್ಲಿ ಬಿಲ್ಲಿ ಜೀನ್ ಕಿಂಗ್ ಮಾಜಿ ವಿಂಬಲ್ಡನ್ ಚಾಂಪಿಯನ್ ಬಾಬಿ ರಿಗ್ಸ್‌ನನ್ನು 6-4, 6-3, 6-3ರಿಂದ ಸೋಲಿಸಿದರು. ಆದರೆ ಆಕೆಗೆ 29, ರಿಗ್ಸ್‌ಗೆ 55. ಅದೇ ರಿಗ್ಸ್ ನಾಲ್ಕು ತಿಂಗಳ ಹಿಂದೆ ಮಾರ್ಗರೆಟ್ ಕೋರ್ಟ್‌ರನ್ನು 6-2, 6-1ರಿಂದ ಮಣಿಸಿದ್ದ. ಇನ್ನೊಂದು ಕಡೆಯವರ ಸಾಕ್ಷಿ 1998ರದು. ಮೆಲ್ಬರ್ನ್‌ನಲ್ಲಿ 203ನೇ ಕ್ರಮಾಂಕದ ಜರ್ಮನಿಯ ಕಾರ್ಸ್ಟನ್ ಬ್ರಾಶ್ 16ರ ಸೆರೆನಾಳನ್ನು 6-1ರಿಂದ, 17ರ ವೀನಸ್‌ಳನ್ನು 6-2ರಿಂದ ಸೋಲಿಸಿದ. ಸಮಾನ ವಯಸ್ಸು, ಸಮಾನ ತರಬೇತಿ ಇದ್ದಾಗ ಎತ್ತರ, ಭುಜಬಲಗಳು ಗಂಡಸಿನ ಕಡೆ ವಾಲುತ್ತವೆ. ಇದನ್ನು ಒಪ್ಪಿಕೊಂಡದ್ದರಿಂದಲೇ ಪುರುಷರಿಗೆ ಒಂದು, ಮಹಿಳೆಯರಿಗೆ ಒಂದು ವಿಭಾಗ ಇದೆ. ಕಿಂಗ್ ಗೆದ್ದ ಆ ಪಂದ್ಯದ ಬೆಲೆ ಬೇರೆ. ಅದೇ ವರ್ಷ ಅಮೆರಿಕನ್ ಓಪನ್ ಇಬ್ಬರಿಗೂ ಸಮಾನ ಬಹುಮಾನ ಕೊಡತೊಡಗಿತು. ವಿಂಬಲ್ಡನ್ನಿಗೆ ಆ ಬುದ್ಧಿ ಬರಲು 2007ರವರೆಗೆ ಕಾಯಬೇಕಾಯಿತು.

ನನಗೆ ಇವಕ್ಕಿಂತ ಹೆಚ್ಚು ಹೇಳುವುದು ಮಿಶ್ರ ಡಬಲ್ಸ್. ಅಲ್ಲಿ ಹೆಣ್ಣು ಪ್ರತಿ ಸೆಟ್ಟಿನಲ್ಲೂ ಗಂಡಸಿನ ಸರ್ವ್ ಎದುರಿಸಲೇಬೇಕು. ನಮ್ಮ ಕೊಡಗಿನ ರೋಹನ್ ಬೋಪಣ್ಣ 2017ರಲ್ಲಿ ಫ್ರೆಂಚ್ ಓಪನ್ ಗೆದ್ದದ್ದು ಕೆನಡಾದ ಗೇಬ್ರಿಯೆಲಾ ಡಬ್ರೋವ್‌ಸ್ಕಿ ಜೊತೆಗೆ. 2023ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಅವರೂ ಸಾನಿಯಾ ಮಿರ್ಜಾರೂ ಫೈನಲ್ ತಲುಪಿದರು. ಆಗ ಸಾನಿಯಾಗೆ 36 ವರ್ಷ, ಮನೆಯಲ್ಲಿ ನಾಲ್ಕು ವರ್ಷದ ಮಗ. ರಭಸದಿಂದ ಬಂದ ಚೆಂಡಿಗೆ ಬಲ ಕೂಡಿಸಬೇಕಾಗಿಲ್ಲ. ರ‍್ಯಾಕೆಟ್ಟನ್ನು ಹೆಚ್ಚು ಹಿಂದಕ್ಕೆ ಎಳೆಯದೆ, ಬಂದ ವೇಗವನ್ನೇ ಬೇರೆ ದಿಕ್ಕಿಗೆ ತಿರುಗಿಸಿದರೆ ಸಾಕು. ಅದಕ್ಕೆ ಬೇಕಾದ ಕಣ್ಣು, ಊಹೆ, ಹೊತ್ತರಿವು ಯಾವ ಹಾರ್ಮೋನಿನ ಸೊತ್ತೂ ಅಲ್ಲ.

ಐದು ಸೆಟ್ಟಿನ ವಿಷಯವನ್ನೂ ಹೇಳಿಬಿಡುತ್ತೇನೆ. ಗ್ರ್ಯಾಂಡ್ ಸ್ಲಾಮ್‌ಗಳಲ್ಲಿ ಗಂಡಸರಿಗೆ ಐದು, ಹೆಂಗಸರಿಗೆ ಮೂರು ಸೆಟ್. ಹೆಂಗಸಿನ ಮೈ ತಡೆಯದು ಎಂದು ಹಾಗೆ ಮಾಡಿದ್ದಾರೆ ಎಂಬ ನಂಬಿಕೆ ಇದೆ. ಆದರೆ 1901ರ ಅಮೆರಿಕ ಚಾಂಪಿಯನ್‌ಷಿಪ್ಪಿನಲ್ಲಿ ಹೆಂಗಸರು ಐದು ಸೆಟ್ ಆಡಿದ್ದರು. ಆಮೇಲೆ ಅದನ್ನು ಇಳಿಸಿದವರು ವ್ಯವಸ್ಥಾಪಕರು. ವರ್ಷಾಂತ್ಯದ ಮಹಿಳಾ ಟೂರ್ನಿಯ ಫೈನಲ್ 1984ರಿಂದ 1998ರವರೆಗೆ ಐದು ಸೆಟ್ಟಿನದೇ ಆಗಿತ್ತು. 1990ರಲ್ಲಿ ಹದಿನಾರರ ಮೋನಿಕಾ ಸೆಲೆಸ್ ಗೇಬ್ರಿಯೆಲಾ ಸಬಾಟಿನಿ ಜೊತೆ ಐದೂ ಸೆಟ್ ಆಡಿ ಗೆದ್ದಳು. ಬಹಳ ಹೊತ್ತು ದಣಿಸುವ ಕೆಲಸದಲ್ಲಿ ಹೆಂಗಸಿನ ಸ್ನಾಯುಗಳು ಬೇಗ ಸೋಲುವುದೂ ಇಲ್ಲ.

ಮನೆಯಲ್ಲಿ ನೋಡಬೇಕಾದ್ದು

ತಂದೆತಾಯಿ ಕಿವಿಗೊಡಬೇಕಾದ ಮಾತು ಈಗ. ಮೈನೆರೆದ ಹುಡುಗಿಯ ಸೋಲನ್ನೆಲ್ಲ ಪ್ರಕೃತಿಯ ತಲೆಗೆ ಕಟ್ಟಬಾರದು. ಸ್ನಾಯುಗಳಿಗೆ ಆಮ್ಲಜನಕ ಹೊತ್ತು ತರುವುದು ರಕ್ತದ ಹಿಮೋಗ್ಲೋಬಿನ್. ಹೆಂಗಸರಲ್ಲಿ ಅದು ಗಂಡಸರಿಗಿಂತ ಸುಮಾರು ಶೇಕಡಾ 12 ಕಡಿಮೆ, ಇದು ಸಹಜ. ಆದರೆ ಹನ್ನೆರಡು ದಾಟಿದ ಹುಡುಗಿಯಲ್ಲಿ ಅದು ಡೆಸಿಲೀಟರಿಗೆ 12 ಗ್ರಾಮಿಗಿಂತ ಇಳಿದರೆ ರಕ್ತಹೀನತೆ, ಅದು ಸಹಜವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇಕಡಾ 59 ಮಂದಿಗೆ ರಕ್ತಹೀನತೆ. ಹುಡುಗರಲ್ಲಿ ಶೇಕಡಾ 31. ಇಂಥ ಹುಡುಗಿ ಎರಡನೆಯ ಸೆಟ್ಟಿಗೆ ಏದುಸಿರು ಬಿಟ್ಟರೆ "ಹೆಣ್ಣುಮಕ್ಕಳ ಮೈ ಇಷ್ಟೇ" ಎನ್ನುತ್ತೇವೆ. ವಾರಕ್ಕೊಮ್ಮೆ ಶಾಲೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆಯನ್ನು ಕಿಟಕಿಯಾಚೆ ಎಸೆಯುವವರೂ ಇದ್ದಾರೆ! ಊಟದ ತಟ್ಟೆಯಲ್ಲಿ ಸೊಪ್ಪು, ಕಾಳು, ಶೇಂಗಾ, ಅಳವಿ ಇರಲಿ, ಮೇಲೆ ಲಿಂಬೆ ಹಿಂಡಿ. ಉಂಡ ಕೂಡಲೇ ಚಹಾ ಬೇಡ, ಅದು ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ.

ಮೊಣಕಾಲಿನ ಎಚ್ಚರವೂ ಬೇಕು. ಜಿಗಿದು ಇಳಿಯುವ, ಓಡುತ್ತ ಗಕ್ಕನೆ ತಿರುಗುವ ಆಟಗಳಲ್ಲಿ ಮೊಣಕಾಲಿನೊಳಗಿನ ಎ.ಸಿ.ಎಲ್. ಎಂಬ ಅಸ್ಥಿರಜ್ಜು ಹರಿಯುವುದು ಹುಡುಗಿಯರಲ್ಲಿ ಹುಡುಗರಿಗಿಂತ ಎರಡು ಪಟ್ಟಿಗೂ ಹೆಚ್ಚು. ಟೆನಿಸ್ಸಿನಲ್ಲಿ ಇದು ಫುಟ್‌ಬಾಲಿನಷ್ಟಿಲ್ಲ. ಆದರೂ ಮೊಣಕಾಲು ಒಳಕ್ಕೆ ವಾಲದಂತೆ ಮೆತ್ತಗೆ ಇಳಿಯುವುದನ್ನು ಮೊದಲಿನಿಂದಲೇ ಕಲಿಸಬೇಕು. ಸಣ್ಣಗಾಗುವ ಹಟದಿಂದ ಊಟ ಬಿಟ್ಟು, ಆಟ ಮಾತ್ರ ಹೆಚ್ಚಿಸಿದ ಹುಡುಗಿಯ ಮುಟ್ಟು ನಿಂತುಹೋದರೆ ಕೂಡಲೇ ವೈದ್ಯರಿಗೆ ತೋರಿಸಿ. ಆಗ ಮೂಳೆಯೂ ಸವೆಯುತ್ತಿರುತ್ತದೆ. ಮುಟ್ಟಿನ ಮಾತನ್ನು ಕೋಚಿನ ಮುಂದೆ ಹೇಳಲು ನಾಚುವ ತಾಯಂದಿರಿಗೆ ಒಂದು ಸುದ್ದಿ. ಬಿಳಿಬಟ್ಟೆಯ ನಿಯಮಕ್ಕೆ ಹೆಸರಾದ ವಿಂಬಲ್ಡನ್ ಕೂಡ 2023ರಿಂದ ಆಟಗಾರ್ತಿಯರಿಗೆ ಒಳಗೆ ಗಾಢ ಬಣ್ಣದ ಚಡ್ಡಿ ತೊಡಲು ಬಿಟ್ಟಿದೆ.

ಮಾಳಮಡ್ಡಿಯ ಆ ತಾಯಿ ಮರುವಾರ ಮಗಳ ರಕ್ತ ಪರೀಕ್ಷೆ ಮಾಡಿಸಿದರು. 10.2 ಬಂತು. ಮೂರು ತಿಂಗಳ ಮಾತ್ರೆ ಬರೆದುಕೊಟ್ಟಿದ್ದಾರೆ. ಅವಳು ಹಿತ್ತಲ ಗೋಡೆಯ ಮೇಲೆ ಖಡುವಿನಿಂದ ಮೂರಡಿಗೊಂದು, ಏಳೂವರೆ ಅಡಿಗೊಂದು ಗೆರೆ ಎಳೆದಿದ್ದಾಳೆ. ಅಣ್ಣನ ಗೆರೆ ಅದರ ಮೇಲಿದೆ. ದಿನಾ ಸಂಜೆ ತಿರುಗುಚೆಂಡಿನ ಸರ್ವ್ ಅಭ್ಯಾಸ ನಡೆದಿದೆ. ಟ್ಯೂಷನ್ನಿನ ಮಾತನ್ನು ತಂದೆ ಸದ್ಯಕ್ಕೆ ಎತ್ತಿಲ್ಲ. ಚೆಂಡು ಬಡಿದು ಗೋಡೆಯ ಸುಣ್ಣ ಉದುರುತ್ತಿದೆ ಎಂಬುದಷ್ಟೇ ಅವರ ಹೊಸ ತಕರಾರು.