ಹಳೆಯ ಮಸಲ್ ಕಾರಿನ ತಗಡು ಕೆಲಸ: ದಪ್ಪ ಉಕ್ಕು, ವೆಲ್ಡಿಂಗ್ ಹೊಗೆ ಮತ್ತು ಒಂದು ಲೋಟ ಹಾಲು

ಅಮೆರಿಕದ ಹಳೆಯ ಕಾರುಗಳಿಗೆ ಮರುಜೀವ ಕೊಡುವ ವಿಡಿಯೋಗಳನ್ನು ನೀವೂ ನೋಡಿರಬಹುದು. ತುಕ್ಕು ತಿಂದು ಜರಡಿಯಂತಾದ ಒಂದು ಮಸ್ಟಾಂಗ್ ಅಥವಾ ಕಮಾರೊ ಶೆಡ್ಡಿಗೆ ಬರುತ್ತದೆ, ಗ್ರೈಂಡರ್ ಕಿಡಿ ಹಾರುತ್ತದೆ, ಇಪ್ಪತ್ತು ನಿಮಿಷದಲ್ಲಿ ಫಳಫಳ ಹೊಳೆಯುವ ಕಾರು ಹೊರಗೆ ಹೋಗುತ್ತದೆ. ಆ ಇಪ್ಪತ್ತು ನಿಮಿಷದ ಹಿಂದೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕೆಲಸ ಇರುತ್ತದೆ. ಅದರ ಜೊತೆಗೆ ಗ್ಯಾರೇಜಿನಿಂದ ಗ್ಯಾರೇಜಿಗೆ ಹರಿದಾಡುವ ನಂಬಿಕೆಗಳೂ ಇರುತ್ತವೆ. ಬಿಸಿಗೆ ಹಿಗ್ಗುವುದರಿಂದ ತಗಡು ಡೊಂಕಾಗುತ್ತದೆ, ಹಳೆಯ ಕಾರಿನ ದಪ್ಪ ಉಕ್ಕು ಹೊಸ ಕಾರಿಗಿಂತ ಸುರಕ್ಷಿತ, ವೆಲ್ಡಿಂಗ್ ಮಾಡುವ ಮುಂಚೆ ಹಾಲು ಕುಡಿದರೆ ಹೊಗೆ ಏನೂ ಮಾಡುವುದಿಲ್ಲ. ಇವುಗಳಲ್ಲಿ ಎಷ್ಟು ನಿಜ ಎಂದು ಒಂದೊಂದಾಗಿ ನೋಡೋಣ. ಕೊನೆಯ ಎರಡು ನಂಬಿಕೆಗಳು ಜೀವಕ್ಕೇ ಸಂಬಂಧಿಸಿದವು.

ಮಸಲ್ ಕಾರು ಅಂದರೆ ಯಾವುದು?

ಮಧ್ಯಮ ಗಾತ್ರದ, ಸಾಧಾರಣ ಬೆಲೆಯ ಕಾರಿಗೆ ದೊಡ್ಡ ವಿ8 ಎಂಜಿನ್ ಕೂರಿಸಿದರೆ ಸಿಗುವುದೇ ಮಸಲ್ ಕಾರು. 1964ರ ಪಾಂಟಿಯಾಕ್ ಜಿಟಿಒ ಈ ಸಾಲಿನ ಮೊದಲನೆಯದು ಎಂದು ಹೆಚ್ಚಿನವರು ಹೇಳುತ್ತಾರೆ. ಅದರಲ್ಲಿ ಇದ್ದದ್ದು 389 ಘನ ಇಂಚಿನ, ಅಂದರೆ ಸುಮಾರು 6.4 ಲೀಟರಿನ ಎಂಜಿನ್, 325 ಅಶ್ವಶಕ್ತಿ. ಮುಂದೆ ಶೆವ್ರೊಲೆ, ಡಾಡ್ಜ್, ಪ್ಲಿಮತ್ ಎಲ್ಲರೂ ಇದೇ ದಾರಿ ಹಿಡಿದರು. ಮಸ್ಟಾಂಗ್, ಕಮಾರೊಗಳನ್ನು ಕಟ್ಟುನಿಟ್ಟಾಗಿ 'ಪೋನಿ ಕಾರು' ಎನ್ನಬೇಕು ಎಂದು ವಾದಿಸುವವರಿದ್ದಾರೆ. ಆ ಜಗಳ ನಮಗೆ ಬೇಡ. 1970ರ ದಶಕದ ಆರಂಭದಲ್ಲಿ ವಿಮೆಯ ಕಂತು ಏರಿತು, ಹೊಗೆಯ ನಿಯಮಗಳು ಬಿಗಿಯಾದವು, 1973ರಲ್ಲಿ ತೈಲ ಬಿಕ್ಕಟ್ಟು ಬಂತು. ಆ ಯುಗ ಮುಗಿಯಿತು.

ಹಾಗಾಗಿ ಇಂದು ಉಳಿದಿರುವ ಇಂಥ ಕಾರುಗಳಿಗೆಲ್ಲ ಐವತ್ತು ದಾಟಿದೆ. ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ಅಮೆರಿಕದ ಉತ್ತರ ರಾಜ್ಯಗಳಲ್ಲಿ ಓಡಿದ ಕಾರಾದರೆ ಅದರ ಸ್ಥಿತಿಯನ್ನು ಕೇಳುವುದೇ ಬೇಡ.

ತುಕ್ಕು ಎಲ್ಲಿ ಅಡಗಿರುತ್ತದೆ?

ಕಣ್ಣಿಗೆ ಕಾಣುವ ಬಾಗಿಲಿನ ತುಕ್ಕು ದೊಡ್ಡ ಸಮಸ್ಯೆಯೇ ಅಲ್ಲ. 1960ರ ದಶಕದ ಮಸ್ಟಾಂಗ್ ತೆಗೆದುಕೊಳ್ಳಿ. ಮುಂದಿನ ಗಾಜಿಗೂ ಬಾನೆಟ್ಟಿಗೂ ನಡುವೆ, ವೈಪರ್ ಕೆಳಗೆ, ಒಳಗೆ ಗಾಳಿ ಹೋಗಲು ಒಂದು ಪೆಟ್ಟಿಗೆಯಂಥ ಜಾಗ ಇದೆ. ಎರಡು ತಗಡುಗಳನ್ನು ಸ್ಪಾಟ್ ವೆಲ್ಡ್ ಮಾಡಿ ಕಟ್ಟಿದ ಪೆಟ್ಟಿಗೆ ಅದು, ಒಳಮೈಗೆ ಬಣ್ಣ ಸರಿಯಾಗಿ ತಲುಪುತ್ತಿರಲಿಲ್ಲ. ಮರದ ಕೆಳಗೆ ನಿಲ್ಲಿಸಿದ ಕಾರಿನಲ್ಲಿ ಎಲೆ ಒಳಗೆ ಬಿದ್ದು ಕೊಳೆಯುತ್ತದೆ, ಮಳೆನೀರು ಅಲ್ಲೇ ನಿಲ್ಲುತ್ತದೆ, ತಗಡು ತೂತಾಗುತ್ತದೆ. ಆಮೇಲೆ ನೀರು ಕಾರಿನ ಒಳಗೆ, ಕಾಲಿಡುವ ನೆಲಕ್ಕೆ ತೊಟ್ಟಿಕ್ಕುತ್ತದೆ. ಮಾಲೀಕರು ನೆಲದ ತೂತಿಗೆ ತೇಪೆ ಹಾಕಿಸುತ್ತಾರೆ, ಎರಡು ವರ್ಷಕ್ಕೆ ಮತ್ತೆ ತೂತು. ಮೂಲ ಇರುವುದು ಮೇಲೆ.

ಮಸ್ಟಾಂಗಿನಲ್ಲಿ ಬಾಡಿಯ ಕೆಳಗೆ ಬೇರೆ ಚಾಸಿ ಇಲ್ಲ. ನೆಲ, ಅಂಚಿನ ಪಟ್ಟಿ, ಉದ್ದದ ರೈಲು ಎಲ್ಲ ಸೇರಿಯೇ ಕಾರಿನ ಬೆನ್ನೆಲುಬು. ಹಾಗಾಗಿ ನೆಲದ ತಗಡು ಬದಲಿಸುವುದು ಅಂದದ ಕೆಲಸ ಅಲ್ಲವೇ ಅಲ್ಲ.

ಜನಪ್ರಿಯ ಮಾದರಿಗಳಿಗೆ ಹೊಸದಾಗಿ ಅಚ್ಚೊತ್ತಿದ ತಗಡುಗಳು ಅಂಗಡಿಯಲ್ಲೇ ಸಿಗುತ್ತವೆ. ಕೈಯಲ್ಲೇ ತಯಾರಿಸಬೇಕಾದ ಪ್ರಸಂಗ ಬರುವುದು ಅಪರೂಪದ ಮಾದರಿಗಳಿಗೆ, ಇಲ್ಲವೇ ಕಾರನ್ನು ಬದಲಾಯಿಸಲು ಹೊರಟಾಗ. ಹಿಂದೆ ಅಗಲವಾದ ಟೈರ್ ಹಾಕಬೇಕೆಂದರೆ ಚಕ್ರದ ಒಳಗೂಡನ್ನು ಕತ್ತರಿಸಿ ಒಳಕ್ಕೆ ಸರಿಸಬೇಕು. ಐದಾರು ಗೇರಿನ ಹೊಸ ಗೇರ್‌ಬಾಕ್ಸ್ ಬಂದರೆ ನಡುವಿನ ಸುರಂಗ ದೊಡ್ಡದಾಗಬೇಕು. ಹೊಸ ಎಂಜಿನ್ನಿನ ಬಲ ಹೆಚ್ಚಿದ್ದರೆ ಕಾರಿನ ಮೈಯೇ ತಿರುಚಿಕೊಳ್ಳದಂತೆ ಮುಂದಿನ ಮತ್ತು ಹಿಂದಿನ ರೈಲುಗಳನ್ನು ಉಕ್ಕಿನ ಕೊಳವೆಯಿಂದ ಜೋಡಿಸುತ್ತಾರೆ.

ತಗಡಿಗೆ ಉಬ್ಬು ಬರುವುದು ಹೇಗೆ?

ಒಂದು ಕಾಗದವನ್ನು ಸುರುಳಿ ಮಾಡಬಹುದು, ಆದರೆ ಚೆಂಡಿಗೆ ಸುಕ್ಕಿಲ್ಲದೆ ಸುತ್ತಲು ಆಗುವುದಿಲ್ಲ. ತಗಡಿನದೂ ಇದೇ ಕಷ್ಟ. ಹಳೆಯ ಕಾರುಗಳ ಮಡ್‌ಗಾರ್ಡ್ ಎರಡೂ ದಿಕ್ಕಿಗೆ ಬಾಗಿರುತ್ತದೆ. ಅಂಥ ಉಬ್ಬು ಬರಬೇಕಾದರೆ ನಡುವಿನ ಲೋಹ ಹರಡಬೇಕು, ಇಲ್ಲವೇ ಅಂಚಿನ ಲೋಹ ಕುಗ್ಗಬೇಕು. ಮರಳು ತುಂಬಿದ ಚರ್ಮದ ಚೀಲದ ಮೇಲೆ ತಗಡನ್ನಿಟ್ಟು ಸುತ್ತಿಗೆಯಿಂದ ಬಡಿದು ಮೊದಲು ಒರಟು ಆಕಾರ ತರುತ್ತಾರೆ. ಆಮೇಲೆ 'ಇಂಗ್ಲಿಷ್ ವೀಲ್' ಎಂಬ ಯಂತ್ರದ ಎರಡು ಉರುಳೆಗಳ ನಡುವೆ ಹಿಂದೆ ಮುಂದೆ ಓಡಿಸುತ್ತಾರೆ. ಲಟ್ಟಣಿಗೆಯ ಕೆಳಗಿನ ಚಪಾತಿಯಂತೆ ತಗಡು ತೆಳುವಾಗುತ್ತ ಅಗಲವಾಗುತ್ತದೆ. ನಡುವೆ ಮಾತ್ರ ಅಗಲವಾದರೆ ಅದಕ್ಕೆ ಹೋಗಲು ಜಾಗವಿಲ್ಲ, ಮೇಲಕ್ಕೆ ಉಬ್ಬುತ್ತದೆ.

ಹೊಸ ನೆಲದ ತಗಡಿನ ಮೇಲೆ ಉದ್ದುದ್ದ ಗೀರುಗಳಂಥ ಉಬ್ಬು ಸಾಲುಗಳನ್ನು ಕಂಡಿರಬಹುದು. ಅವು ಚಂದಕ್ಕೆ ಎಂದು ಅನೇಕರು ತಿಳಿದಿದ್ದಾರೆ. ಚಪ್ಪಟೆ ಹಾಳೆಯ ಬಿಗಿತ ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 0.8 ಮಿಲಿಮೀಟರ್ ತಗಡಿನ ಬದಲು 1.2 ಮಿಲಿಮೀಟರ್ ಬಳಸಿದರೆ ಬಾಗುವಿಕೆಯನ್ನು ತಡೆಯುವ ಶಕ್ತಿ ಸುಮಾರು 3.4 ಪಟ್ಟಾಗುತ್ತದೆ, ಆದರೆ ತೂಕವೂ ಒಂದೂವರೆ ಪಟ್ಟು. ಉಬ್ಬು ಸಾಲು ಕೊರೆದರೆ ತೂಕ ಹೆಚ್ಚದೆಯೇ ಬಿಗಿತ ಬರುತ್ತದೆ. ನಮ್ಮ ಮನೆಯ ಮೇಲಿನ ಜಿಂಕ್ ಶೀಟು ಅಲೆಅಲೆಯಾಗಿರುವುದೂ ಇದಕ್ಕೇ.

ವೆಲ್ಡಿಂಗ್ ಆದಮೇಲೆ ತಗಡು ಡೊಂಕಾಗುವುದೇಕೆ?

ಇಲ್ಲಿ ಮೊದಲ ನಂಬಿಕೆ ಬರುತ್ತದೆ: ಬಿಸಿಗೆ ಹಿಗ್ಗಿದ್ದರಿಂದ ಡೊಂಕಾಯಿತು. ಅರ್ಧ ಮಾತ್ರ ನಿಜ. ಉಕ್ಕು ಹಿಗ್ಗುವುದು ಹೌದು; ಒಂದು ಮೀಟರ್ ಉದ್ದದ ಪಟ್ಟಿ 100 ಡಿಗ್ರಿ ಬಿಸಿಯಾದರೆ ಸುಮಾರು 1.2 ಮಿಲಿಮೀಟರ್ ಬೆಳೆಯುತ್ತದೆ. ಹಿಗ್ಗಿದ್ದು ತಣ್ಣಗಾದಾಗ ಮೊದಲಿನ ಅಳತೆಗೇ ಬರುವಂತಿದ್ದರೆ ತೊಂದರೆಯೇ ಇರುತ್ತಿರಲಿಲ್ಲ.

ಆದರೆ ವೆಲ್ಡಿಂಗಿನಲ್ಲಿ ಬೆಸುಗೆಯ ಗೆರೆ ಕರಗುವಷ್ಟು, ಅಂದರೆ ಸುಮಾರು 1500 ಡಿಗ್ರಿ ಸೆಲ್ಸಿಯಸ್ ಬಿಸಿಯಾಗುತ್ತದೆ. ಅದರ ಪಕ್ಕದಲ್ಲೇ ಇರುವ ತಗಡು ಇನ್ನೂ ತಣ್ಣಗೆ, ಗಟ್ಟಿಯಾಗಿರುತ್ತದೆ. ಬಿಸಿ ಲೋಹ ಹಿಗ್ಗಲು ಹೊರಟರೆ ತಣ್ಣನೆಯ ಲೋಹ ಬಿಡುವುದಿಲ್ಲ. ಮೆತ್ತಗಾದ ಬಿಸಿ ಲೋಹ ತನ್ನಲ್ಲೇ ಒತ್ತಿಕೊಂಡು ದಪ್ಪವಾಗುತ್ತದೆ. ತಣ್ಣಗಾಗುವಾಗ ಅದು ಮಾಮೂಲಿನಂತೆ ಕುಗ್ಗುತ್ತದೆ, ಈಗ ಮೊದಲಿಗಿಂತ ಗಿಡ್ಡ. ಗಿಡ್ಡವಾದ ಗೆರೆ ಸುತ್ತಲಿನ ತಗಡನ್ನು ಎಳೆಯುತ್ತದೆ. ಬಿಸಿಲಿಗೆ ಹಾಕಿದ ಹಪ್ಪಳದ ಅಂಚು ಮೊದಲು ಒಣಗಿ ಕುಗ್ಗಿ, ಇಡೀ ಹಪ್ಪಳ ದೋಣಿಯಂತಾಗುತ್ತದಲ್ಲ, ಹಾಗೆ. ಡೊಂಕಿಗೆ ಕಾರಣ ತಣ್ಣಗಾಗುವಾಗಿನ ಕುಗ್ಗುವಿಕೆ.

ಇದು ಬರೀ ಮಾತಿನ ವ್ಯತ್ಯಾಸ ಅನ್ನಿಸಬಹುದು. ಆದರೆ ಪರಿಹಾರ ಇದರ ಮೇಲೇ ನಿಂತಿದೆ. ಹಿಗ್ಗಿದೆ ಎಂದು ಭಾವಿಸಿದವರು ಇನ್ನಷ್ಟು ಬಿಸಿ ಮಾಡಿ ನೀರು ಹಾಕಿ ಕುಗ್ಗಿಸಲು ಹೋಗುತ್ತಾರೆ, ಡೊಂಕು ಹೆಚ್ಚುತ್ತದೆ. ಬಲ್ಲವರು ಮೊದಲೇ ಎಚ್ಚರ ವಹಿಸುತ್ತಾರೆ: ಒಂದೇ ಗೆರೆ ಎಳೆಯದೆ ದೂರದೂರಕ್ಕೆ ಚುಕ್ಕೆ ಇಡುತ್ತಾರೆ, ಮುಟ್ಟಿ ನೋಡುವಷ್ಟು ತಣ್ಣಗಾದಮೇಲೆ ಮುಂದಿನ ಚುಕ್ಕೆ. ಆಮೇಲೆ ಬೆಸುಗೆಯ ಹಿಂದೆ ಉಕ್ಕಿನ ದಿಂಡು ಹಿಡಿದು, ಮುಂದಿನಿಂದ ಸುತ್ತಿಗೆಯಲ್ಲಿ ಮೆಲ್ಲಗೆ ಬಡಿದು, ಕುಗ್ಗಿದ ಗೆರೆಯನ್ನು ಮತ್ತೆ ಹರಡುತ್ತಾರೆ. ಕಳೆದುಹೋದ ಉದ್ದವನ್ನು ಮರಳಿ ಕೊಡುವುದು ಎನ್ನಬಹುದು. ಇದಕ್ಕೆ ಟಿಗ್ ವೆಲ್ಡಿಂಗ್ ಅನುಕೂಲ, ಅದರ ಬೆಸುಗೆ ಮೆತ್ತಗಿದ್ದು ಸುತ್ತಿಗೆಗೆ ಮಣಿಯುತ್ತದೆ. ಮಿಗ್ ಬೇಗ ಮುಗಿಯುತ್ತದೆ, ಆದರೆ ಬೆಸುಗೆ ಗಟ್ಟಿ.

ತೇಪೆಯನ್ನು ಹಳೆಯ ತಗಡಿನ ಮೇಲೆ ಹೇರಿ ಅಂಟಿಸಿ, ಮೇಲೆ ಪುಟ್ಟಿ ಬಳಿಯುವುದು ನಮ್ಮ ಟಿಂಕರಿಂಗ್ ಶೆಡ್ಡುಗಳಲ್ಲೂ ಇದೆ, ಅಮೆರಿಕದಲ್ಲೂ ಇದೆ. ಎರಡು ಪದರದ ನಡುವಿನ ಸಂದಿಯಲ್ಲಿ ತೇವ ನಿಲ್ಲುತ್ತದೆ, ಪುಟ್ಟಿಯೂ ತೇವ ಹೀರುತ್ತದೆ. ಹೊರಗಿಂದ ಕನ್ನಡಿ, ಒಳಗೆ ತುಕ್ಕು. ಹಳೆಯ ಕಾರು ಕೊಳ್ಳುವವರು ಜೇಬಿನಲ್ಲಿ ಅಯಸ್ಕಾಂತ ಇಟ್ಟುಕೊಳ್ಳುವುದು ಇದಕ್ಕೇ. ದಪ್ಪ ಪುಟ್ಟಿಯ ಮೇಲೆ ಅದು ಹಿಡಿಯುವುದಿಲ್ಲ.

ದಪ್ಪ ಉಕ್ಕು ಅಂದರೆ ಹೆಚ್ಚು ಸುರಕ್ಷೆಯೇ?

"ಆಗಿನ ಕಾರು ಗುದ್ದಿದರೆ ಗೋಡೆಯೇ ಬೀಳುತ್ತಿತ್ತು" ಎಂಬ ಮಾತನ್ನು ನಾವೂ ಕೇಳಿದ್ದೇವೆ. 2009ರಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷೆಯ ವಿಮಾ ಸಂಸ್ಥೆ (ಐಐಎಚ್‌ಎಸ್) ತನ್ನ ಐವತ್ತನೇ ವರ್ಷಕ್ಕೆ ಇದನ್ನೇ ಪರೀಕ್ಷಿಸಿತು. 1959ರ ಶೆವ್ರೊಲೆ ಬೆಲ್ ಏರ್ ಮತ್ತು 2009ರ ಶೆವ್ರೊಲೆ ಮಾಲಿಬು, ಎರಡನ್ನೂ ಗಂಟೆಗೆ ಸುಮಾರು 64 ಕಿಲೋಮೀಟರ್ ವೇಗದಲ್ಲಿ ಎದುರುಬದುರು ಓರೆಯಾಗಿ ಗುದ್ದಿಸಿದರು. ಹಳೆಯ ಕಾರಿನಲ್ಲಿ ಚಾಲಕ ಕೂರುವ ಜಾಗವೇ ಕುಸಿದುಹೋಯಿತು. ಹೊಸ ಕಾರಿನ ಮೂತಿ ನಜ್ಜುಗುಜ್ಜಾಯಿತು, ಆದರೆ ಚಾಲಕನ ಕೋಣೆ ಹಾಗೇ ಉಳಿಯಿತು. ಕಾಲಿಗೆ ಸಣ್ಣ ಪೆಟ್ಟಾಗುವ ಸಂಭವ ಮಾತ್ರ ಕಂಡಿತು.

ಬೆಲ್ ಏರ್ ಮಸಲ್ ಕಾರಲ್ಲ, ಅವಕ್ಕಿಂತ ಸ್ವಲ್ಪ ಹಳೆಯದು. 1968ರಿಂದ ಅಮೆರಿಕದ ಕೇಂದ್ರ ನಿಯಮಗಳಂತೆ ಕಾರುಗಳಿಗೆ ಸೀಟ್ ಬೆಲ್ಟ್ ಮತ್ತು ಡಿಕ್ಕಿಯಲ್ಲಿ ಒಳಕ್ಕೆ ಮಡಚಿಕೊಳ್ಳುವ ಸ್ಟಿಯರಿಂಗ್ ಕಂಬ ಬಂದವು. ಆದರೂ ತತ್ವ ಅದೇ. ಕಾರು ನಿಲ್ಲಲು ಸಿಗುವ ದೂರ ಎರಡು ಪಟ್ಟಾದರೆ ಮೈ ಮೇಲೆ ಬೀಳುವ ಸರಾಸರಿ ಬಲ ಅರ್ಧವಾಗುತ್ತದೆ. ಮೂತಿ ಮಡಚಿಕೊಳ್ಳಬೇಕು, ಕೋಣೆ ಮಡಚಿಕೊಳ್ಳಬಾರದು. ಎಲ್ಲೆಡೆ ದಪ್ಪ ಉಕ್ಕು ಬೆಸೆದು ಕಾರನ್ನು ಬಂಡೆ ಮಾಡಿದರೆ ಆ ಬಲ ನೇರ ಒಳಗಿರುವವರಿಗೆ ಹೋಗುತ್ತದೆ. ರೇಸಿಗಾಗಿ ಇರುವ ಕೊಳವೆಯ ಪಂಜರವನ್ನು ರಸ್ತೆಯ ಕಾರಿಗೆ ಹಾಕುವುದೂ ಹೀಗೆಯೇ. ಹೆಲ್ಮೆಟ್ ಇಲ್ಲದ ತಲೆಗೆ ಪಕ್ಕದ ಉಕ್ಕಿನ ಕೊಳವೆಯೇ ಅಪಾಯ.

ಇನ್ನು ಹಾಲಿನ ವಿಷಯ

ತುಕ್ಕು ಹಿಡಿಯದಿರಲಿ ಎಂದು ಉಕ್ಕಿಗೆ ಸತುವಿನ ಲೇಪ ಕೊಡುತ್ತಾರೆ. ನಾವು ಜಿಐ ಶೀಟ್ ಎನ್ನುವುದು ಅದನ್ನೇ. ಸತು 907 ಡಿಗ್ರಿಗೆ ಕುದಿಯುತ್ತದೆ, ಉಕ್ಕು ಕರಗುವುದು ಅದಕ್ಕಿಂತ ಎಷ್ಟೋ ಮೇಲೆ. ಅಂದರೆ ಉಕ್ಕು ಬೆಸೆಯುವ ಮೊದಲೇ ಸತು ಆವಿಯಾಗಿ, ಗಾಳಿಯ ಆಮ್ಲಜನಕದೊಂದಿಗೆ ಸೇರಿ, ಬಿಳಿ ಹೊಗೆಯಾಗಿ ಏಳುತ್ತದೆ. "ನನ್ನ ಕಾರಿನ ತಗಡು ಜಿಐ ಅಲ್ಲ" ಎಂದು ನಿಶ್ಚಿಂತರಾಗುವಂತಿಲ್ಲ. ಎರಡು ತಗಡುಗಳ ಸಂದಿಗೆ ಬಳಿಯುವ, ಮೇಲೆಯೇ ವೆಲ್ಡ್ ಮಾಡಬಹುದಾದ ಪ್ರೈಮರಿನಲ್ಲಿ ಸತು ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಆ ಹೊಗೆ ಕುಡಿದವರಿಗೆ ತಕ್ಷಣ ಏನೂ ಅನ್ನಿಸುವುದಿಲ್ಲ. ನಾಲ್ಕರಿಂದ ಹತ್ತು ಗಂಟೆಯ ನಂತರ, ಹೆಚ್ಚಾಗಿ ಮನೆಗೆ ಹೋಗಿ ಮಲಗುವ ಹೊತ್ತಿಗೆ, ಬಾಯಲ್ಲಿ ಲೋಹದ ರುಚಿ, ಚಳಿ, ಜ್ವರ, ಮೈಕೈ ನೋವು, ಒಣಕೆಮ್ಮು ಶುರುವಾಗುತ್ತದೆ. ಲೋಹಹೊಗೆಯ ಜ್ವರ ಎಂಬ ಕಾಯಿಲೆ ಇದು. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ತಾನೇ ಇಳಿಯುತ್ತದೆ. ಹಾಲಿನ ಕೀರ್ತಿಯ ಗುಟ್ಟು ಇಲ್ಲೇ ಇದೆ: ಹಾಲು ಕುಡಿದವರಿಗೂ ವಾಸಿಯಾಗುತ್ತದೆ, ಕುಡಿಯದವರಿಗೂ ವಾಸಿಯಾಗುತ್ತದೆ. ದಿನವೂ ಹೊಗೆಗೆ ಒಡ್ಡಿಕೊಂಡವರ ದೇಹ ತಾತ್ಕಾಲಿಕವಾಗಿ ಒಗ್ಗಿಕೊಳ್ಳುವುದೂ ಉಂಟು. ರಜೆ ಮುಗಿಸಿ ಬಂದ ಸೋಮವಾರ ಮತ್ತೆ ಜ್ವರ. ನಡುವಿನ ದಿನಗಳ ಆರಾಮಕ್ಕೂ ಹಾಲೇ ಹೊಗಳಿಸಿಕೊಳ್ಳುತ್ತದೆ.

ಹೊಗೆ ಹೋಗುವುದು ಶ್ವಾಸಕೋಶಕ್ಕೆ, ಹಾಲು ಹೋಗುವುದು ಹೊಟ್ಟೆಗೆ. ಧೂಳಿನ ಕೆಲಸ ಮಾಡುವವರಿಗೆ ಬೆಲ್ಲ ಕೊಡುವ ನಮ್ಮ ಪದ್ಧತಿಗೂ ಇದೇ ಉತ್ತರ. ಹಾಲು, ಬೆಲ್ಲ ಆಹಾರವಾಗಿ ಒಳ್ಳೆಯವೇ, ಬೇಕಾದರೆ ಸೇವಿಸಿ. ಆದರೆ ಅದನ್ನು ನಂಬಿ ಮಾಸ್ಕ್ ಬಿಟ್ಟರೆ ನಷ್ಟ ದೊಡ್ಡದು. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ವೆಲ್ಡಿಂಗ್ ಹೊಗೆಯನ್ನು, ಅದು ಯಾವ ಲೋಹದ್ದೇ ಇರಲಿ, ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ.

ಕೆಲಸಕ್ಕೆ ಬರುವುದು ಇಷ್ಟು: ಬೆಸೆಯುವ ಗೆರೆಯ ಎರಡೂ ಬದಿ ಎರಡು ಮೂರು ಸೆಂಟಿಮೀಟರ್ ಸತುವನ್ನು ಮೊದಲೇ ಉಜ್ಜಿ ತೆಗೆಯುವುದು, ಮುಖವನ್ನು ಹೊಗೆಯ ದಾರಿಯಿಂದ ಆಚೆ ಇಡುವುದು, ಹೊಗೆ ಹೀರುವ ಕೊಳವೆ ಇಡುವುದು, ಮುಖಕ್ಕೆ ಸಂದಿಯಿಲ್ಲದೆ ಕೂರುವ, ಲೋಹದ ಹೊಗೆಗೆಂದೇ ಇರುವ ಫಿಲ್ಟರಿನ ಮಾಸ್ಕ್ ಧರಿಸುವುದು. ಕರವಸ್ತ್ರ ಕಟ್ಟಿದರೆ ಪ್ರಯೋಜನವಿಲ್ಲ. ಆ ಕಣಗಳು ಒಂದು ಮೈಕ್ರಾನಿಗಿಂತ ಸಣ್ಣವು.

ಹಳೆಯ ಕಾರಿನಲ್ಲಿ ಇನ್ನೂ ಮೂರು ಅಪಾಯಗಳಿವೆ. ಚಾವಣಿಯೂ ಪಕ್ಕದ ತಗಡೂ ಸೇರುವ ಸಂದಿಯನ್ನು ಆಗ ಕಾರ್ಖಾನೆಯಲ್ಲೇ ಸೀಸ ಬೆರೆತ ಬೆಸುಗೆಯಿಂದ ತುಂಬುತ್ತಿದ್ದರು. ಅದನ್ನು ಗ್ರೈಂಡರಿನಿಂದ ಉಜ್ಜಿದರೆ ಸೀಸದ ಧೂಳು ಬಟ್ಟೆಗೆ ಅಂಟಿ ಮನೆಯ ಮಕ್ಕಳವರೆಗೂ ಹೋಗುತ್ತದೆ. ಕೆಲಸದ ಬಟ್ಟೆ ಕೆಲಸದಲ್ಲೇ ಇರಲಿ. ಎರಡನೆಯದು ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್. ಅದರಿಂದ ತಗಡು ಒರೆಸಿ ಪೂರ್ತಿ ಆರುವ ಮೊದಲೇ ವೆಲ್ಡ್ ಮಾಡಿದರೆ ಫಾಸ್ಜೀನ್ ಹುಟ್ಟಬಹುದು. ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟ ವಿಷಾನಿಲ ಅದೇ.

ಮೂರನೆಯದು ಕ್ಯಾಡ್ಮಿಯಂ. ಹಳೆಯ ಬೋಲ್ಟು, ಬ್ರಾಕೆಟ್ಟುಗಳ ಮೇಲೆ ಅದರ ಲೇಪ ಇರುವುದುಂಟು, ನೋಡಲು ಸತುವಿನಂತೆಯೇ. ಅದರ ಹೊಗೆ ಕುಡಿದವರಿಗೂ ಮೊದಲು ಇದೇ ಚಳಿ, ಜ್ವರ, ಕೆಮ್ಮು. ಆದರೆ ಅದು ಇಳಿಯದೆ ಶ್ವಾಸಕೋಶದಲ್ಲಿ ನೀರು ತುಂಬಿ ಸಾವಿನವರೆಗೂ ಹೋಗಬಹುದು. ಆದ್ದರಿಂದ ವೆಲ್ಡಿಂಗ್ ಮಾಡಿದ ರಾತ್ರಿ ಉಸಿರಾಟ ಕಷ್ಟವಾದರೆ, ಎದೆ ಬಿಗಿದರೆ, ಅಥವಾ ಎರಡು ದಿನ ಕಳೆದರೂ ಜ್ವರ ಇಳಿಯದಿದ್ದರೆ ಕಾಯಬೇಡಿ. ಆಸ್ಪತ್ರೆಗೆ ಹೋಗಿ, ವೈದ್ಯರು ಕೇಳದಿದ್ದರೂ ಯಾವ ಲೋಹ, ಎಷ್ಟು ಹೊತ್ತು, ಮುಚ್ಚಿದ ಕೋಣೆಯೋ ಬಯಲೋ ಎಂದು ಹೇಳಿ. ಹೇಳದಿದ್ದರೆ ಅದು ಫ್ಲೂ ಜ್ವರದಂತೆಯೇ ಕಾಣುತ್ತದೆ.