ಶಾಲೆಯ ಮಾಡಿನ ಮಳೆ, ಶಾಲೆಯ ಬಾವಿ

ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಆದರೆ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿದು ಹಳ್ಳ, ಹೊಳೆ, ಅಳಿವೆಗಳ ಮೂಲಕ ಕಡಲು ಸೇರಿಬಿಡುವುದರಿಂದ, ಬೇಸಿಗೆ ಏರುತ್ತಿದ್ದಂತೆ ಅನೇಕ ಬಾವಿಗಳು ತಳ ಕಾಣುತ್ತವೆ, ಹಿನ್ನೀರಿನ ಅಂಚಿನ ಬಾವಿಗಳಿಗೆ ಉಪ್ಪು ಸೇರುತ್ತದೆ. ಶಾಲೆಗಳನ್ನು ಪರಿಸರಸ್ನೇಹಿಯಾಗಿಸುವ ಮಾತು ಈ ಸೀಮೆಯಲ್ಲಿ ಮೊದಲಾಗಬೇಕಾದದ್ದು ಇಲ್ಲಿಂದಲೇ. ಪರಿಸರ ದಿನವಾದ ಜೂನ್ 5ರಂದು ಅಂಗಳದಲ್ಲಿ ಸಸಿ ನೆಡುವ ಪದ್ಧತಿ ಒಳ್ಳೆಯದೇ. ಆದರೆ ಬೇಸಿಗೆ ರಜೆಯಲ್ಲಿ ಆ ಸಸಿಗೆ ನೀರು ಎಲ್ಲಿಂದ, ಯಾರ ಕೈಯಿಂದ ಎಂಬುದನ್ನು ಯೋಚಿಸದ ಶಾಲೆಯನ್ನು ಸುಸ್ಥಿರ ಶಾಲೆ, ಎಂದರೆ ಮುಂದಿನವರ ಪಾಲನ್ನು ಕರಗಿಸದೆ ತನ್ನ ಇಂದಿನ ಅಗತ್ಯವನ್ನು ಪೂರೈಸಿಕೊಳ್ಳುವ ಶಾಲೆ, ಎನ್ನಲಾಗದು.

ಪರಿಸರ ಶಿಕ್ಷಣ ಕಡ್ಡಾಯವಾಗಿರಬೇಕೆಂದು ವಕೀಲ ಎಂ.ಸಿ. ಮೆಹ್ತಾ ಹೂಡಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದ್ದು 1991ರಲ್ಲಿ. ಆ ಬಳಿಕ ಪಠ್ಯಪುಸ್ತಕಗಳಲ್ಲಿ ಪರಿಸರ ಬಂತು, ಶಾಲೆಗಳಲ್ಲಿ ಇಕೋ ಕ್ಲಬ್‌ಗಳೂ ಬಂದವು. ಪಾಠದಲ್ಲಿ ಬಂದದ್ದು ಶಾಲೆಯ ನಲ್ಲಿ, ಅಡುಗೆಮನೆ, ಕಸದ ಬುಟ್ಟಿಗಳವರೆಗೆ ಇಳಿಯುವುದು ಮಾತ್ರ ಬೇರೆಯೇ ಕೆಲಸ. ಆ ಕೆಲಸಕ್ಕೆ ದಾರಿ ತೋರುವ ಒಂದು ಜಾಗತಿಕ ಕಾರ್ಯಕ್ರಮಕ್ಕೂ ಹೊನ್ನಾವರಕ್ಕೂ ಹೆಚ್ಚಿನವರು ಗಮನಿಸದ ನಂಟೊಂದಿದೆ. ಅಲ್ಲಿನ ಕಾಸರಕೋಡ ಕಡಲತೀರಕ್ಕೆ 2020ರಲ್ಲಿ ದೊರೆತ ಬ್ಲೂ ಫ್ಲ್ಯಾಗ್ ಮಾನ್ಯತೆ, ಅಂದರೆ ಸ್ವಚ್ಛತೆ, ನೀರಿನ ಗುಣಮಟ್ಟ ಮತ್ತು ಸುರಕ್ಷತೆಗಾಗಿ ಕೊಡುವ ನೀಲಿ ಬಾವುಟ, ಡೆನ್ಮಾರ್ಕಿನಲ್ಲಿ ಕೇಂದ್ರವಿರುವ ಪರಿಸರ ಶಿಕ್ಷಣ ಪ್ರತಿಷ್ಠಾನವೊಂದರದು. 1994ರಿಂದ 'ಇಕೋ ಸ್ಕೂಲ್ಸ್' ಎಂಬ ಶಾಲಾ ಕಾರ್ಯಕ್ರಮವನ್ನು ನಡೆಸುತ್ತಿರುವುದೂ ಅದೇ ಸಂಸ್ಥೆ. ಆ ಕಾರ್ಯಕ್ರಮದ ಕ್ರಮ ಸರಳ: ಮಕ್ಕಳೂ ಸದಸ್ಯರಾಗಿರುವ ಸಮಿತಿಯೊಂದು ಶಾಲೆಯ ನೀರು, ವಿದ್ಯುತ್ತು, ಕಸಗಳನ್ನು ತಾನೇ ಅಳೆದು, ಏನು ಮಾಡಬೇಕೆಂದು ನಿರ್ಧರಿಸಿ, ಮಾಡಿದ್ದನ್ನು ಮತ್ತೆ ಅಳೆದು ನೋಡುತ್ತದೆ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಪಾಲಕರನ್ನೊಳಗೊಂಡ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಈಗಾಗಲೇ ಇರುವಾಗ, ಅದರ ಸಭೆಯಲ್ಲಿ ಮಕ್ಕಳ ಲೆಕ್ಕಪುಸ್ತಕಕ್ಕೂ ಒಂದು ಜಾಗ ಕೊಡಲು ಹೊಸ ಆದೇಶವೇನೂ ಬೇಕಿಲ್ಲ.

ಅಳೆಯುವುದೆಂದರೆ ದೊಡ್ಡ ಉಪಕರಣವಲ್ಲ. ಸೋರುವ ನಲ್ಲಿಯ ಕೆಳಗೆ 200 ಮಿಲಿಲೀಟರಿನ ಲೋಟವೊಂದನ್ನಿಟ್ಟು ಗಡಿಯಾರ ನೋಡಿದರೆ ಸಾಕು. ಅದು ಹತ್ತು ನಿಮಿಷಕ್ಕೆ ತುಂಬಿದರೆ ಆ ಒಂದೇ ನಲ್ಲಿ ದಿನಕ್ಕೆ 28.8 ಲೀಟರು ಚೆಲ್ಲುತ್ತಿದೆಯೆಂದು ಐದನೇ ತರಗತಿಯ ಮಗು ತಾನೇ ಗುಣಿಸಿ ಹೇಳಬಲ್ಲದು.

ಮಾಡಿನ ಲೆಕ್ಕ ಇದಕ್ಕಿಂತ ದೊಡ್ಡದು. ನೂರು ಚದರ ಮೀಟರ್ ಹಂಚಿನ ಮಾಡಿನ ಮೇಲೆ 3000 ಮಿಲಿಮೀಟರ್ ಮಳೆ ಬಿದ್ದರೆ ಅದು 3 ಲಕ್ಷ ಲೀಟರು. ಐದರಲ್ಲೊಂದು ಪಾಲು ಚೆಲ್ಲಿಹೋದರೂ ಉಳಿಯುವ 2.4 ಲಕ್ಷ ಲೀಟರು, ತಲಾ ಹತ್ತು ಲೀಟರಿನಂತೆ ನೂರು ಮಕ್ಕಳ ಶಾಲೆಗೆ 240 ದಿನಗಳ ನೀರು. ಇಷ್ಟನ್ನೂ ಟಾಂಕಿಯಲ್ಲಿ ಹಿಡಿದಿಡುವುದು ಯಾವ ಶಾಲೆಗೂ ಆಗದ ಮಾತು. ಆದ್ದರಿಂದ ಮೊದಲ ಮಳೆಗಳ ಧೂಳು, ತರಗೆಲೆಗಳ ನೀರನ್ನು ಹೊರಗೆ ಬಿಟ್ಟು, ಆಮೇಲಿನದನ್ನು ಜಲ್ಲಿ, ಇದ್ದಿಲು, ಮರಳುಗಳ ಪದರದಲ್ಲಿ ಸೋಸಿ ತೆರೆದ ಬಾವಿಗೇ ಇಳಿಸುವುದು ಲೇಸು; ಹೀಗೆ ನೆಲದೊಳಗೆ ಸೇರಿದ ಸಿಹಿನೀರು ಕಡಲಂಚಿನಲ್ಲಿ ಉಪ್ಪುನೀರನ್ನು ಸ್ವಲ್ಪಮಟ್ಟಿಗೆ ತಡೆದು ಹಿಡಿಯುತ್ತದೆ. ಇಲ್ಲೊಂದು ಎಚ್ಚರವೂ ಅಗತ್ಯ. ಕಡಿದಾದ ಗುಡ್ಡದ ಮೇಲೋ ಬುಡದಲ್ಲೋ ಇರುವ ಶಾಲೆಗಳಲ್ಲಿ ಇಂಗುಗುಂಡಿ ತೋಡುವುದು ಪುಣ್ಯದ ಕೆಲಸವಲ್ಲ, ಅಪಾಯ. ನೀರು ಕುಡಿದ ಮಣ್ಣು ತನ್ನ ಭಾರಕ್ಕೇ ಜಾರುತ್ತದೆ. 2022ರ ಆಗಸ್ಟ್ ಆರಂಭದ ಮಹಾಮಳೆಯಲ್ಲಿ ಭಟ್ಕಳದ ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಸತ್ತ ಮೇಲೆ, ಶಾಲೆಯ ಹಿಂದಿನ ಗುಡ್ಡ ಬಿರುಕು ಬಿಟ್ಟಿದೆಯೇ, ಮಳೆನೀರು ಹರಿದುಹೋಗಲು ಚರಂಡಿ ಇದೆಯೇ ಎಂದು ಮೇ ತಿಂಗಳಲ್ಲೇ ನೋಡುವುದು ಪರಿಸರ ಪಾಠದ ಮೊದಲ ಪುಟವಾಗಬೇಕು.

ಬಿಸಿಯೂಟದ ಅಡುಗೆಮನೆಯ ಹಿಂದೆಯೂ ಇಂಥದೇ ಅವಕಾಶವಿದೆ. ಮಕ್ಕಳು ತಟ್ಟೆ ತೊಳೆಯುವ ಕಟ್ಟೆಯಿಂದ ಹರಿದು ಅಂಗಳದಲ್ಲಿ ಕೆಸರಾಗುವ ನೀರಿಗೆ ಸಣ್ಣದೊಂದು ಕಾಲುವೆ ಮಾಡಿಕೊಟ್ಟರೆ ಬಸಳೆಯ ಚಪ್ಪರವೂ ನಾಲ್ಕು ಬಾಳೆಯೂ ಬೇಸಿಗೆ ದಾಟುತ್ತವೆ. ಸಿಪ್ಪೆ, ಉಳಿದ ಅನ್ನ ಗೊಬ್ಬರದ ಗುಂಡಿ ಸೇರಿ ಅದೇ ಬಸಳೆಯ ಬುಡಕ್ಕೆ ಮರಳುತ್ತವೆ. ಉಳಿಯುವುದು ಪ್ಲಾಸ್ಟಿಕ್. ಅದನ್ನು ಶಾಲೆಯ ಹಿಂಬದಿಯಲ್ಲಿ ಸುಡುವ ರೂಢಿ ಎಷ್ಟೇ ಹಳೆಯದಾಗಿದ್ದರೂ, ಆ ವಿಷದ ಹೊಗೆಯನ್ನು ಮೊದಲು ಉಸಿರಾಡುವವರು ಮಕ್ಕಳೇ ಆದ್ದರಿಂದ, ತಕ್ಷಣ ನಿಲ್ಲಬೇಕು.

ಇನ್ನು ಸಾಮಾಜಿಕ ಹೊಣೆ, ಎಂದರೆ ಶಾಲೆ ತನ್ನ ಊರಿನ ಎಲ್ಲರಿಗೂ ಸಲ್ಲುವಂತೆ ನಡೆದುಕೊಳ್ಳುವುದು. ಖಾರ್ವಿ, ಮೊಗೇರ, ಹಾಲಕ್ಕಿ, ಗೊಂಡ, ನವಾಯತ ಸಮುದಾಯಗಳ ಮನೆಗಳಿಂದ ಬರುವ ಮಕ್ಕಳಲ್ಲಿ ಎಷ್ಟೋ ಮಂದಿಗೆ ಕನ್ನಡ ಮನೆಮಾತಲ್ಲ, ಆದರೆ ಕಡಲು, ಕಾಡು, ಗದ್ದೆಗಳ ವಿಷಯದಲ್ಲಿ ಅವರ ಮನೆಯವರಿಗಿರುವ ತಿಳಿವಳಿಕೆ ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಇದಕ್ಕೊಂದು ಉದಾಹರಣೆ ಅಘನಾಶಿನಿಯ ಅಂಚಿನಲ್ಲಿದೆ. ದೊಡ್ಡ ಅಣೆಕಟ್ಟಿಲ್ಲದೆ ಹರಿಯುವ ಈ ನದಿಯ ಅಳಿವೆ 2024ರಲ್ಲಿ ಅಂತಾರಾಷ್ಟ್ರೀಯ ಮಹತ್ವದ ಜೌಗು ನೆಲಗಳ ರಾಮ್ಸರ್ ಪಟ್ಟಿಗೆ ಸೇರಿತು. ಆ ಅಳಿವೆಯ ಅಂಚಿನ, ಕುಮಟಾ ತಾಲ್ಲೂಕಿನ ಮಾಣಿಕಟ್ಟಾದಂಥ ಊರುಗಳ ಗಜನಿ ಭೂಮಿಯಲ್ಲಿ, ಅಂದರೆ ಏರಿ ಕಟ್ಟಿ ಉಪ್ಪುನೀರಿನಿಂದ ಕಾಪಾಡಿಕೊಂಡ ತಗ್ಗುಗದ್ದೆಯಲ್ಲಿ, ಉಪ್ಪನ್ನೂ ನೆರೆಯನ್ನೂ ತಾಳುವ ಕಗ್ಗ ಭತ್ತ ಬೆಳೆಯುತ್ತದೆ. ಗೊಬ್ಬರ ಹಾಕದ ಈ ಬೆಳೆಯ ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ಗದ್ದೆಯಲ್ಲೇ ಬಿಡುತ್ತಾರೆ. ಅದು ಕೊಳೆತು, ತೂಬು ತೆರೆದಾಗ ಒಳಬರುವ ಮೀನು ಸಿಗಡಿಗಳಿಗೆ ಮೇವಾಗುತ್ತದೆ. ಹತ್ತಿರದ ಶಾಲೆಯೊಂದು ಕೊಯ್ಲಿನ ಹೊತ್ತಿಗೆ ಮಕ್ಕಳನ್ನು ಈ ಏರಿಯ ಮೇಲೆ ಕರೆತಂದರೆ, ತೂಬಿನ ಹಲಗೆಯನ್ನು ಭರತಕ್ಕೆ ಯಾವಾಗ ಇಳಿಸಬೇಕು, ಇಳಿತಕ್ಕೆ ಯಾವಾಗ ಎತ್ತಬೇಕು ಎಂಬುದನ್ನು ತರಗತಿಯ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರುವ ಗಜನಿ ರೈತರ ಮಗಳೇ ಉಳಿದವರಿಗೆ ವಿವರಿಸಿ ಹೇಳಬಲ್ಲಳು.