ಕಾಫಿ ಬೆಳೆದವನ ಪಾಲು

ಡಿಕಾಕ್ಷನ್ ತೆಳುವಾಯಿತೆಂದು ಬೆಳಗಾಗೆದ್ದು ಗೊಣಗುವ ನಾವು, ಆ ಬೀಜವನ್ನು ಬೆಳೆದವನ ಮನೆಯಲ್ಲಿ ಒಲೆ ಹೊತ್ತಿತೇ ಎಂದು ವಿಚಾರಿಸಿದುದುಂಟೇ? ಈ ಪ್ರಶ್ನೆಯನ್ನು ವ್ಯಾಪಾರದ ನಿಯಮವನ್ನಾಗಿಯೇ ಮಾಡಿದವರ ವೃತ್ತಾಂತವೊಂದುಂಟು.

ಮೆಕ್ಸಿಕೋ ದೇಶದ ವಹಾಕಾ ಪ್ರಾಂತದ ಬೆಟ್ಟಗಳಲ್ಲಿ ಬಡ ಬೆಳೆಗಾರರು ದಲ್ಲಾಳಿಗಳು ಹೇಳಿದ ಬೆಲೆಗೆ ಕಾಫಿಯನ್ನು ಮಾರಬೇಕಾಗಿದ್ದಿತು. ಅವರು ಒಟ್ಟುಗೂಡಿ ‘ಉಸಿರಿ’ ಎಂಬ ಸಹಕಾರ ಸಂಘವನ್ನು ಕಟ್ಟಿದರು. ಅವರು ಬಯಸಿದುದು ದಾನವನ್ನಲ್ಲ, ನ್ಯಾಯವಾದ ಬೆಲೆಯನ್ನು. ಅವರೊಡನಿದ್ದ ಫ್ರಾನ್ಸ್ ವಾನ್ ಡರ್ ಹಾಫ್ ಎಂಬ ಡಚ್ ಪಾದ್ರಿಗಳೂ ನಿಕೊ ರೋಜನ್ ಎಂಬವರೂ ಕೂಡಿ 1988ರಲ್ಲಿ ಹಾಲೆಂಡಿನಲ್ಲಿ ‘ಮ್ಯಾಕ್ಸ್ ಹಾವೆಲಾರ್’ ಎಂಬ ಮುದ್ರೆಯನ್ನು ಏರ್ಪಡಿಸಿದರು. ಜಾವಾದ ರೈತರ ಸಂಕಟವನ್ನು ಚಿತ್ರಿಸಿದ 1860ರ ಡಚ್ ಕಾದಂಬರಿಯೊಂದರ ನಾಯಕನ ಹೆಸರದು.

ಈ ಮುದ್ರೆಯ ಕಾಫಿಗೆ ವರ್ತಕನು ಗೊತ್ತುಮಾಡಿದ ಕನಿಷ್ಠ ಬೆಲೆಯನ್ನಾದರೂ ಕೊಡತಕ್ಕದ್ದು. 1989ರಲ್ಲಿ ರಾಷ್ಟ್ರಗಳ ಕೋಟಾ ಒಪ್ಪಂದವು ಮುರಿದು ಪೇಟೆಯ ಧಾರಣೆ ಕುಸಿದಾಗ, ಆ ಕಟ್ಟಳೆಯ ಬೆಲೆ ತಿಳಿಯಿತು. ಇದರ ಮೇಲೆ ಸಂಘಕ್ಕೆ ಸಲ್ಲುವ ಹೆಚ್ಚುವರಿ ಹಣವನ್ನು ಶಾಲೆಗೋ ಕಣಕ್ಕೋ ವಿನಿಯೋಗಿಸಲು ಬೆಳೆಗಾರರೇ ಸಭೆ ಸೇರಿ ನಿಶ್ಚಯಿಸುವರು.

ಆದರೆ ಕೊಳ್ಳುವವರಿಲ್ಲದೆ ಮುದ್ರೆಯು ಬರಿಯ ಚೀಟಿ. ಇಂತಹ ಸಂಘಗಳೂ ತಮ್ಮ ಬೆಳೆಯೆಲ್ಲವನ್ನೂ ಈ ಬೆಲೆಗೆ ಮಾರಲಾರವು. ಉಳಿದುದು ಪೇಟೆಯ ಧಾರಣೆಗೇ ಹೋಗುವುದು. ಆದುದರಿಂದ ಪುಡಿ ಕೊಳ್ಳುವಾಗ, ಬೆಳೆದವನಿಗೆ ಸಂದುದೆಷ್ಟೆಂದು ಅಂಗಡಿಯವನನ್ನು ಒಮ್ಮೆ ಕೇಳೋಣ. ಕೇಳುವವರು ಹೆಚ್ಚಿದಂತೆ ಉತ್ತರವನ್ನು ಸಿದ್ಧವಾಗಿಟ್ಟುಕೊಳ್ಳುವ ವರ್ತಕರೂ ಹೆಚ್ಚುವರು.